ನೀರು ಹಾಕುವ ಮಾತು

ಹಲಸೂರಿನ ಒಂದು ನರ್ಸಿಂಗ್ ಹೋಮಿನ ಎದುರು ಫುಟ್‌ಪಾತಿನಲ್ಲಿ ನಾನು ಒಂದೂವರೆ ವರ್ಷ, ಹೆಚ್ಚುಕಡಿಮೆ ಪ್ರತಿ ಶನಿವಾರ, ಕೈಯಲ್ಲಿ ಜಪಸರ ಹಿಡಿದು ನಿಂತಿದ್ದೇನೆ. ಗರ್ಭ ತೆಗೆಸಿಕೊಳ್ಳಲು ಅಲ್ಲಿಗೆ ಬರುವ ಹೆಂಗಸರ ಮನಸ್ಸು ಬದಲಾಗಲಿ ಎಂದು ಪ್ರಾರ್ಥಿಸುವುದು ನಮ್ಮ ಗುಂಪಿನ ಕೆಲಸ. ನಂಬಿಕೆಯಿಂದ ನಿಂತೆಯೋ, ಟೀಚರಿಗೆ ಇಲ್ಲ ಅನ್ನಲಾರದೆ ನಿಂತೆಯೋ ಎಂದು ಕೇಳಿದರೆ ಎರಡೂ ಹೌದು ಎನ್ನುತ್ತೇನೆ. ಯಾವುದು ಹೆಚ್ಚು ಎಂದು ಮಾತ್ರ ಕೇಳಬಾರದು.

ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ನಾವು ಮರ್ಫಿ ಟೌನಿನಲ್ಲಿ ಬಾಡಿಗೆಗಿದ್ದೆವು. ಕಂಟೋನ್ಮೆಂಟಿನ ಒಂದು ಶಾಲೆಯ ಆಫೀಸಿನಲ್ಲಿ ನಾನು ಗುಮಾಸ್ತೆ, ಶನಿವಾರ ರಜೆ. ಟೀಚರು ಅದೇ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ನಿವೃತ್ತರಾದದ್ದು ಶಾಲೆಯಿಂದ ಮಾತ್ರ. ಚರ್ಚಿನಲ್ಲಿ, ಬೀದಿಯಲ್ಲಿ, ತರಕಾರಿ ಗಾಡಿಯ ಮುಂದೆ ಅವರು ಟೀಚರಾಗಿಯೇ ಉಳಿದಿದ್ದರು. ಅವರು ನಿಂತರೆ ನಾನೂ ಎದ್ದು ನಿಲ್ಲುವುದು ರೂಢಿಯಾಗಿತ್ತು. ಒಂದು ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ನನ್ನ ಮೊಣಕೈ ಹಿಡಿದು, "ಶನಿವಾರ ಹತ್ತು ಗಂಟೆಗೆ ಬಾ. ಜಪಸರ ತಗೊಂಡು ಬಾ. ಚಪ್ಪಲಿ ಗಟ್ಟಿ ಇರೋದು ಹಾಕ್ಕೋ, ನಿಲ್ಲಬೇಕಾಗುತ್ತೆ," ಎಂದರು. ಹೋದೆ.

ಏಳೆಂಟು ಹೆಂಗಸರು. ಒಂದು ಮೇಣದಬತ್ತಿ, ಒಂದು ಮರಿಯಾ ಮಾತೆಯ ಪಟ, ಒಂದು ರಟ್ಟಿನ ಫಲಕ. ಫಲಕದಲ್ಲಿ ಯಾವ ಭಾಷೆ ಮೇಲಿರಬೇಕು ಎಂಬುದರ ಮೇಲೆಯೇ ಮೊದಲ ತಿಂಗಳು ಕಳೆಯಿತು. ತಮಿಳಿನವರು ಹೆಚ್ಚಾಗಿದ್ದರು, ಕನ್ನಡದವರು ಟೀಚರೂ ನಾನೂ ಇಬ್ಬರೇ. ನಮ್ಮೂರು ಕನಕಪುರದ ಕಡೆ. ಅಲ್ಲಿ ಅಜ್ಜಿ ಕನ್ನಡದಲ್ಲೇ 'ನಮೋ ಮರಿಯಾ' ಜಪ ಹೇಳಿಕೊಟ್ಟವಳು. ಇಲ್ಲಿ ನಾನು ಕನ್ನಡದಲ್ಲಿ ಶುರು ಮಾಡಿದರೆ ಪಕ್ಕದವಳು ತಮಿಳಿನಲ್ಲಿ ದನಿ ಏರಿಸುತ್ತಿದ್ದಳು. ಒಂದು ಜೀವ ಉಳಿಸಲು ಬಂದ ನಾವು ಒಬ್ಬರ ದನಿ ಇನ್ನೊಬ್ಬರು ತುಳಿಯುತ್ತಾ ನಿಂತಿರುತ್ತಿದ್ದೆವು. ಮಾತೆಗೆ ಎರಡೂ ಭಾಷೆ ಬರುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ.

ನನ್ನ ಚಿಂತೆಗಳಂತೂ ಜಪಕ್ಕಿಂತ ಉದ್ದ. ಮೇಣದಬತ್ತಿಯ ಕಿಡಿ ಮುಂದಿನವಳ ಸೀರೆಗೆ ತಗುಲಿದರೆ? ನಮ್ಮ ಹೆಡ್‌ಮಿಸ್ಟ್ರೆಸ್ ಆಟೋದಲ್ಲಿ ಈ ಕಡೆ ಬಂದರೆ? ಮನೆಯಲ್ಲಿ ಗ್ಯಾಸ್ ಆರಿಸಿದ್ದೇನೋ ಇಲ್ಲವೋ? ಇವೆಲ್ಲದರ ಕೆಳಗೆ ಇನ್ನೊಂದಿತ್ತು. ಒಬ್ಬಳು ನಿಜವಾಗಿಯೂ ಮನಸ್ಸು ಬದಲಾಯಿಸಿ, ರಸ್ತೆ ದಾಟಿ, ನಮ್ಮ ಮುಂದೆ ಬಂದು ನಿಂತರೆ ಆಮೇಲೆ ಏನು ಮಾಡುವುದು? ಇದನ್ನು ಒಮ್ಮೆ ಟೀಚರನ್ನು ಕೇಳಿಯೂ ಕೇಳಿದೆ.

"ಅದು ದೇವರ ಡಿಪಾರ್ಟ್‌ಮೆಂಟು," ಎಂದರು ಅವರು. "ನಮ್ಮದು ನಿಲ್ಲೋದು."

ನರ್ಸಿಂಗ್ ಹೋಮಿನವರು ನಮ್ಮನ್ನು ಕಂಡರೆ ಉರಿದುಬೀಳುತ್ತಿದ್ದರು, ತಪ್ಪೇನಿಲ್ಲ. ಅಲ್ಲಿಯ ಆಯಾ ಕನ್ನಡ, ತಮಿಳು, ಉರ್ದು ಮೂರರಲ್ಲೂ ಸಮನಾಗಿ ಬೈಯಬಲ್ಲವಳು. ನಾವು ಮೊದಲ ಹಾಡು ಎತ್ತಿದ ಕೂಡಲೇ ಬಕೆಟ್ಟಿನ ಫಿನಾಯಿಲ್ ನೀರನ್ನು ನಮ್ಮ ಕಡೆಗೇ ಹರಿಯುವಂತೆ ಸುರಿಯುತ್ತಿದ್ದಳು. "ಬಂದ್ರಾ ತಾಯಂದಿರು? ಮನೇಲಿ ಸೊಸೆಯಂದಿರು ಅಡುಗೆ ಮಾಡಿಟ್ಟಿದಾರೆ, ಇಲ್ಲಿ ಬಂದು ಹಾಡ್ರಿ," ಎನ್ನುವಳು. ನಾವು ನಿಂತ ಬದಿಯ ಕಾಫಿಪುಡಿ ಅಂಗಡಿಯವನು ಗಿರಾಕಿ ಬರುವುದಿಲ್ಲವೆಂದು ನಮ್ಮ ಬೆನ್ನಿಗೆ ಶಟರ್ ಎಳೆಯುವನು. ಒಳಗೆ ಹೋಗುವ ಹೆಂಗಸರು ತಲೆಯ ಮೇಲೆ ಸೆರಗೆಳೆದು, ಗೋಡೆಗೆ ಅಂಟಿಕೊಂಡಂತೆ ನಡೆದು ಹೋಗುವರು. ಅವರಿಗೆ ನಮ್ಮ ಮುಖ ಕಾಣುತ್ತಿರಲಿಲ್ಲ, ನಮಗೆ ಅವರದು ಕಾಣುತ್ತಿರಲಿಲ್ಲ. ನನಗದು ಅನುಕೂಲವೇ ಆಗಿತ್ತು.

ಹಾಗಿರುವಾಗ ಒಂದು ಶನಿವಾರ ಒಬ್ಬಳು ಸೆರಗೆಳೆಯದೆ ಬಂದಳು. ಕಂಕುಳಲ್ಲಿ ಒಂದು ಮಗು, ಸೀರೆ ಹಿಡಿದುಕೊಂಡು ಇನ್ನೊಂದು. ಗಾರೆ ಕೆಲಸದವಳೆಂದು ಕಾಲಿನ ಸಿಮೆಂಟೇ ಹೇಳುತ್ತಿತ್ತು. ಟೀಚರು ಫುಟ್‌ಪಾತಿನಿಂದ ಇಳಿದು ಅವಳ ದಾರಿಗೆ ಅಡ್ಡ ನಿಂತರು.

"ಕೊಲ್ಲಬೇಡಮ್ಮ. ಅದು ನಿನ್ನ ಮಗು."

ಅವಳು ನಿಂತಳು. ಟೀಚರನ್ನು ಮೇಲಿಂದ ಕೆಳಗೆ ನೋಡಿದಳು. "ನಂದೇ ಅದ್ರಿ. ನಿಮ್ಮದು ಅಂತ ನಾ ಎಲ್ಲಿ ಅಂದೀನಿ?"

ಗುಲಬರ್ಗಾ ಕಡೆಯ ಮಾತು. ನಮ್ಮ ಗುಂಪಿನ ಅರ್ಧ ಜನಕ್ಕೆ ಅರ್ಥವಾಗಲಿಲ್ಲ. ಅರ್ಥವಾದ ನನಗೆ ಅಲ್ಲಿಂದ ಓಡಿಹೋಗಬೇಕೆನಿಸಿತು.

"ದೇವರು ಕೊಟ್ಟಿದ್ದನ್ನ ದೇವರೇ ನೋಡ್ಕೋತಾನೆ," ಎಂದರು ಟೀಚರು.

"ಹೋದ ಸಲನೂ ನೋಡ್ಕೊಂಡಾನ್ರಿ. ಹಡದು ಎದ್ದಾಕಿ ಉಸುಕಿನ ಬುಟ್ಟಿ ಹೊತ್ತೀನಿ. ಇವತ್ತಿಗೂ ಕೆಮ್ಮಿದ್ರ ಗರ್ಭಚೀಲ ಕೆಳಗ ಜಾರತದ. ನಮ್ಮವ್ವ ಇಲ್ಲ, ಅತ್ತಿ ಇಲ್ಲ. ಹಡಿಯೂದಕ್ಕ ನಾ ಹೆದರಂಗಿಲ್ರಿ. ಹಡದ ಮ್ಯಾಲ ನನಗ ನೀರು ಹಾಕವ್ರು ಯಾರು? ನೀವು ಹಾಕ್ತೀರೇನು?"

ಬಾಣಂತಿಗೆ ಎಣ್ಣೆ ಹಚ್ಚಿ, ಕುದಿಯುವ ನೀರನ್ನು ಬೆನ್ನಿಗೆ, ಸೊಂಟಕ್ಕೆ ಎರಚಿ ಎರಚಿ ಮೀಯಿಸುವುದು ಅವಳು ಕೇಳಿದ್ದು. ತವರಿನಲ್ಲಿ ತಾಯಿ ಮಾಡುವ ಕೆಲಸ.

"ಹಾಕ್ತೀವಿ," ಎಂದರು ಟೀಚರು. ಯೋಚಿಸಲಿಲ್ಲ, ತರಗತಿಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಬರಲೇಬೇಕಲ್ಲ, ಹಾಗೆ. ಹೇಳಿ, ರೂಢಿಯಂತೆ ಅವಳ ಕೈಗೊಂದು ಜಪಸರ ಇಡಲು ಬ್ಯಾಗಿಗೆ ಕೈ ಹಾಕಿದರು. ಹಂಚಲು ತರುತ್ತಿದ್ದ ಪ್ಲಾಸ್ಟಿಕ್ ಸರಗಳು ಮುಗಿದಿದ್ದವು. ಹಿಂದೆ ತಿರುಗದೆಯೇ ಕೈ ಚಾಚಿ ನನ್ನ ಬೆರಳುಗಳಿಂದ ನನ್ನ ಸರವನ್ನೇ ಎಳೆದುಕೊಂಡು ಅವಳ ಅಂಗೈಯಲ್ಲಿಟ್ಟರು.

ಅವಳು ಆ ಸರವನ್ನು ಬಹಳ ಹೊತ್ತು ನೋಡಿದಳು. "ದೇವರದೇನ್ರಿ?" ಎಂದಳು. ಹೌದೆಂದರು. ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು. "ಬೈಯಪ್ಪನಹಳ್ಳಿ ಗೇಟ್ ದಾಟಿದ ಮ್ಯಾಲ ಗುಲಬರ್ಗಾದವರ ವಠಾರ ಅಂತ ಕೇಳ್ರಿ. ಯಾರರ ತೋರಸ್ತಾರ," ಎಂದು ಹೇಳಿ, ಬಂದ ದಾರಿಯಲ್ಲೇ ಹಿಂತಿರುಗಿದಳು.

ನಮ್ಮವರು ಅತ್ತರು, ಹಾಡಿದರು. ಆಯಾ ಗೇಟಿಗೆ ಬಂದು ನಿಧಾನವಾಗಿ ಚಪ್ಪಾಳೆ ತಟ್ಟಿದಳು. ನಾನು ಖಾಲಿ ಕೈ ನೋಡಿಕೊಳ್ಳುತ್ತಿದ್ದೆ. ಅದು ಅಜ್ಜಿಯ ಸರ. ಶಿವಾಜಿನಗರದ ಚರ್ಚಿನಲ್ಲಿ ಸೆಪ್ಟೆಂಬರಿನ ಮಾತೆಯ ಹಬ್ಬಕ್ಕೆ ಅಜ್ಜಿ ಕೊಂಡದ್ದು, ಮರದ ಮಣಿ. ಒಂದು ಮಣಿ ಒಡೆದಾಗ ಅದರ ಜಾಗಕ್ಕೆ ತನ್ನ ತಾಳಿಯ ಕರಿಮಣಿಯೊಂದನ್ನು ಪೋಣಿಸಿಕೊಂಡಿದ್ದಳು.

"ಟೀಚರ್, ನನ್ನ ಸರ..." ಎಂದೆ.

"ಒಂದು ಜೀವ ಉಳೀತು. ನೀನು ಮಣಿ ಎಣಿಸ್ತಾ ಇದ್ದೀಯ."

ಮನೆಯಲ್ಲಿ ಗಂಡನಿಗೆ ಹೇಳಿದರೆ ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ಸರ ಹೋಯ್ತಾ? ಒಳ್ಳೇದಾಯ್ತು ಬಿಡು. ಇನ್ನು ಶನಿವಾರ ಮನೇಲಿರ್ತೀಯ."

ನಾನು ಬೈಯಪ್ಪನಹಳ್ಳಿಗೆ ಹೋದದ್ದು ಕರುಣೆಯಿಂದಲ್ಲ. ಶಿವಾಜಿನಗರದಲ್ಲಿ ಕೊಂಡ ಹೊಸ ಪ್ಲಾಸ್ಟಿಕ್ ಸರ ಕೊಟ್ಟು ಹಳೆಯದನ್ನು ಬದಲಾಯಿಸಿಕೊಂಡು ಬರೋಣವೆಂದು. ಆಗ ಅಲ್ಲಿ ಮೆಟ್ರೋ ಇರಲಿಲ್ಲ, ರೈಲು ಗೇಟು ಹಾಕಿದರೆ ಲೋಕವೇ ನಿಲ್ಲುತ್ತಿತ್ತು. ಗೇಟಿನಾಚೆ ಶೀಟು ಹೊದಿಸಿದ ಕೋಣೆಗಳ ಸಾಲು. ಅವಳು ಬಾಗಿಲಲ್ಲಿ ಕುಳಿತು ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದಳು.

"ನೀರು ಹಾಕಲಾಕ ಈಗೇ ಬಂದ್ರೇನು ಅಕ್ಕೋರ? ಇನ್ನಾ ಭಾಳ ದಿನ ಅದ."

ಒಳಗೆ ಗೋಡೆಯ ಮೇಲೆ ಎಲ್ಲಮ್ಮನ ಪಟ, ಅದರಡಿ ಮೊಳೆಗೆ ನನ್ನ ಸರ. ಭಂಡಾರದ ಅರಿಸಿನ ತಗುಲಿ ಶಿಲುಬೆ ಹಳದಿಯಾಗಿತ್ತು. ಪ್ಲಾಸ್ಟಿಕ್ ಸರ ತೋರಿಸಿ ಬಂದ ವಿಷಯ ಹೇಳಿದೆ. ಅವಳಿಗೆ ನಗು ಬಂತು, ಒಳ್ಳೆಯ ನಗುವಲ್ಲ.

"ಇದು ಕೊಟ್ಟು ಅದು ತಗೊಂಡ್ ಹೋಗ್ತೀರಿ? ನಮ್ಮ ಕಡಿ ದೇವರದು ಕೈಯಾಗ ಇಟ್ಟು ಮಾತು ಕೊಟ್ರ ಅದು ಆಣಿ ಅಕ್ಕೋರ. ಆ ಮುದುಕಿ ರಸ್ತಾದಾಗ ಹತ್ತು ಮಂದಿ ಮುಂದ ಇಟ್ಟಾಳ. ನಾ ಆ ಮಾತಿನ ಮ್ಯಾಲ ತಿರುಗಿ ಬಂದೀನಿ. ನೀರು ಹಾಕಿ ಮುಗಿಸಿದ ದಿನ ನಿಮ್ಮ ಸರ ನಿಮಗ. ಹಾಕಲಿಲ್ಲಂದ್ರ ಅದರ ಕೆಡಕು ನಿಮಗೇ ಹತ್ತತದ, ನನಗಲ್ಲ."

ನಮ್ಮಲ್ಲಿ ಜಪಸರ ಎಂದರೆ ಕಾಣಿಕೆ, ಆಶೀರ್ವಾದ. ನಾವು ಅದನ್ನು ಬಸ್ ನಿಲ್ದಾಣದಲ್ಲೂ ಹಂಚುತ್ತೇವೆ. ಅದು ಆಣೆಯಾಗಬಹುದು ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಕೆಡುಕು ಗಿಡುಕು ನಮ್ಮ ಧರ್ಮದಲ್ಲಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಆದರೂ ವಾಪಸು ಬರುವಾಗ ಗೇಟಿನಲ್ಲಿ ರೈಲು ಹೋಗಿ ಮುಗಿದ ಮೇಲೂ ಹಳಿ ದಾಟಲು ನಾನು ಎರಡೆರಡು ಸಲ ಆಕಡೆ ಈಕಡೆ ನೋಡಿದೆ.

ಮುಂದಿನ ಶನಿವಾರ ಗುಂಪಿಗೆ ವಿಷಯ ತಿಳಿಸಿದೆ. ಹೆರಿಗೆಯಾದ ಮೇಲೆ ಸರದಿಯಂತೆ ಹೋಗೋಣ ಎಂದೆ. ಒಬ್ಬಳಿಗೆ ಸೊಂಟನೋವು. ಒಬ್ಬಳಿಗೆ ಮಗನ ಪರೀಕ್ಷೆ. ಒಬ್ಬಳು ಅವರು ಯಾವ ಜನವೋ ಎಂದು ತಮಿಳಿನಲ್ಲಿ ಗೊಣಗಿದಳು. ಉಳಿದವರು ಪ್ರಾರ್ಥನೆ ಮಾಡುವುದಾಗಿ ಹೇಳಿದರು.

"ನಾನು ಜಪಸರ ಕೊಟ್ಟೆ. ಬಾಂಡ್ ಪೇಪರ್ ಬರೆದುಕೊಡಲಿಲ್ಲ," ಎಂದರು ಟೀಚರು.

"ಹಾಕ್ತೀವಿ ಅಂದ್ರಲ್ಲ, ಟೀಚರ್."

"ರಸ್ತೆ ಮಧ್ಯದಲ್ಲಿ ಇನ್ನೇನು ಅನ್ನಬೇಕಿತ್ತು?"

ಆ ಕ್ಷಣದಿಂದ ನನಗೆ ಅವರ ಮೇಲೆ ಸಿಟ್ಟು. ಸಿಟ್ಟಿದ್ದೂ ಅವರ ಪಕ್ಕದಲ್ಲೇ ನಿಂತು ಹಾಡುತ್ತಿದ್ದೆ. ಹೇಡಿಗಳ ಸಿಟ್ಟು ಹಾಗೆಯೇ, ಶ್ರುತಿ ತಪ್ಪುವುದಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು. ಅವಳ ಗಂಡ, ಸೆಂಟ್ರಿಂಗ್ ಕೆಲಸದವನು, ನಾನು ಬರೆದುಕೊಟ್ಟಿದ್ದ ನಂಬರು ಹಿಡಿದು ಎಸ್‌ಟಿಡಿ ಬೂತಿನಿಂದ ಶಾಲೆಯ ಆಫೀಸಿಗೆ ಫೋನು ಮಾಡಿದ. "ನಾಳಿಂದ ಬರಬೇಕಂತ್ರಿ," ಎಂದಷ್ಟೇ ಹೇಳಿ ಇಟ್ಟ. ಸಂಬಳದ ಕೆಲಸಕ್ಕೆ ಕರೆದ ಹಾಗೆ.

ಮಕ್ಕಳ ಡಬ್ಬಿ ಕಟ್ಟಿಟ್ಟು, ಹಾಲಿನವನು ಬರುವ ಹೊತ್ತಿಗೆ ಮನೆ ಬಿಡುತ್ತಿದ್ದೆ. ಕೋಣೆಯ ಹಿಂದೆ ತಗಡು ಕಟ್ಟಿದ ಬಚ್ಚಲು, ಹೊರಗೆ ಮರದ ಹೊಟ್ಟು ತುಂಬಿದ ಒಲೆ, ಅದರ ಮೇಲೆ ನೆಗ್ಗಿದ ಡಬ್ಬ. ಹೊಟ್ಟಿನ ಒಲೆ ನನಗೆ ಹತ್ತಲಿಲ್ಲ. ಹತ್ತಿದ ಮೇಲೆ ನೀರು ಕಾಯುವುದನ್ನು ನೋಡುತ್ತಾ ಹೊಸ ಚಿಂತೆ ಹತ್ತಿತು: ಹಸಿ ಮೈ, ಸುಟ್ಟುಬಿಟ್ಟರೆ? ಅರ್ಧ ತಣ್ಣೀರು ಬೆರೆಸಿ ಒಯ್ದೆ.

ಮೊದಲ ಚೆಂಬಿಗೇ ಅವಳು ಕತ್ತು ತಿರುಗಿಸಿದಳು. "ಅಕ್ಕೋರ, ಇದು ಬಾಣಂತಿ ನೀರೇನ್ರಿ? ಉಂಡು ಕೈ ತೊಳಕೊಳ್ಳೂ ನೀರು."

"ಸುಡುತ್ತಲ್ಲಮ್ಮ."

"ಸುಡಬೇಕ್ರಿ. ಸುಡಲಿ ಅಂತೇ ನಿಮ್ಮ ಸರ ಹಿಡಕೊಂಡ್ ಕುಂತೀನಿ."

ಮರುದಿನ ಸ್ವಲ್ಪ ಬಿಸಿ. ಅದೂ ಸಾಲದು. ಪಕ್ಕದ ಕೋಣೆಯ ಹುಡುಗಿ, ಹೊಸದಾಗಿ ಮದುವೆಯಾಗಿ ಬಂದವಳು, ಬಾಗಿಲಲ್ಲಿ ನಿಂತು ನನ್ನ ಪರದಾಟ ನೋಡಿ ನಗುತ್ತಿದ್ದಳು. "ಪಟ್ಟಣದ ಮಂದಿ," ಎನ್ನುವಳು. ಬೆಳಗಾದರೆ ಬೈಸಿಕೊಳ್ಳಲು ನಾನು ಬಸ್ಸು ಹತ್ತಿ ಹೋಗುತ್ತಿದ್ದೆ. ಹಾಗೆಂದು ನಾನೇನು ಸೌಮ್ಯಳಲ್ಲ. ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲಿ ಅವಳಿಗೂ ಟೀಚರಿಗೂ ಸೇರಿಸಿ ಬೈಯುತ್ತಿದ್ದೆ.

ಆದರೆ ಬೆನ್ನಿತ್ತು. ಎಣ್ಣೆ ಹಚ್ಚುವಾಗ ಅದನ್ನು ನೋಡದೆ ಇರಲಾಗುತ್ತಿರಲಿಲ್ಲ. ಭುಜದ ಹತ್ತಿರ ಜಡ್ಡುಗಟ್ಟಿದ ಚರ್ಮ, ಸೊಂಟದ ಮೇಲೆ ಯಾವುದೋ ಹಲಗೆ ಬಿದ್ದ ಹಳೆ ಗಾಯ. ನನಗಿಂತ ಹತ್ತು ವರ್ಷ ಚಿಕ್ಕವಳ ಬೆನ್ನು ನಮ್ಮಜ್ಜಿಯದಕ್ಕಿಂತ ಹಳೆಯದಾಗಿತ್ತು. ಅಷ್ಟು ದಿನ ಫುಟ್‌ಪಾತಿನಲ್ಲಿ ನಿಂತು ನಾನು ಬೇಡಿಕೊಂಡದ್ದು ಹೊಟ್ಟೆಯೊಳಗಿನದಕ್ಕೆ. ಆ ಹೊಟ್ಟೆಗೊಂದು ಬೆನ್ನಿರುತ್ತದೆ ಎಂದು ನಾನು ಎಣಿಸಿರಲಿಲ್ಲ.

ನನ್ನ ಕೈಗೆ ಸರವಿಲ್ಲ. ಜಪ ತಪ್ಪಬಾರದೆಂಬ ಚಿಂತೆ ಬೇರೆ. ಹಾಗಾಗಿ ಮಣಿಗೊಂದರ ಬದಲು ಚೆಂಬಿಗೊಂದು ನಮೋ ಮರಿಯಾ ಹೇಳತೊಡಗಿದೆ. ಎತ್ತುವಾಗ ಅರ್ಧ, ಸುರಿಯುವಾಗ ಅರ್ಧ.

"ಏನ್ರಿ ಅದು, ಮಣಮಣ ಅಂತೀರಿ?"

"ಪ್ರಾರ್ಥನೆ."

"ಮತ್ತ ನನ್ನ ಮನಸ್ಸು ತಿರುಗಸ್ಲಕತ್ತೀರೇನು? ಕೂಸು ಹುಟ್ಟಿ ಮಲಗ್ಯದ."

"ನಿನಗಲ್ಲ. ನಾನು ಹೇಳ್ಕೋತಿರೋದು."

"ಹೇಳ್ಕೋರಿ ಹಂಗಾದ್ರ." ಇನ್ನೊಂದು ಚೆಂಬಿಗೆ ಬೆನ್ನು ಒಡ್ಡಿ, "ಒಂದು ಮಾತು ಹೇಳ್ತೀನಿ ಕೇಳ್ರಿ. ನಿಮ್ಮ ಹಾಡು ಕೇಳಿ ನಾ ಅವತ್ತು ತಿರುಗಿ ಬಂದಿಲ್ಲ. ನೀರು ಹಾಕ್ತೀವಿ ಅಂದ್ರಿ, ಅದಕ್ಕ ಬಂದೀನಿ. ಹಾಡು ದೊಡ್ಡ ದೊಡ್ಡ ದನಿಲೆ ಹಾಡಿದ್ರಿ. ನೀರು ಅಂಬೂದು ಮುದುಕಿ ಸಣ್ಣಗ ಅಂದಳು."

ದಿನ ಕಳೆದಂತೆ ಆ ಮಣಮಣವೇ ಅವಳಿಗೆ ಅಳತೆಯಾಯಿತು. ನಾನು ಬೇಗ ನಿಲ್ಲಿಸಿದರೆ, "ಇನ್ನೊಂದೀಟು ಅನ್ರಿ, ನೀರು ಇನ್ನಾ ಅದ," ಎನ್ನುವಳು. ಚರ್ಚಿನಲ್ಲಿ ನನ್ನ ಪ್ರಾರ್ಥನೆಯನ್ನು ಯಾರೂ ಇನ್ನಷ್ಟು ಬೇಕೆಂದು ಕೇಳಿರಲಿಲ್ಲ.

ಇತ್ತ ಟೀಚರು ಚರ್ಚಿನಲ್ಲಿ ಸಾಕ್ಷಿ ಹೇಳಿಬಿಟ್ಟಿದ್ದರು. ನಮ್ಮ ಶನಿವಾರದ ಪ್ರಾರ್ಥನೆಯಿಂದ ಒಂದು ಮಗು ಉಳಿಯಿತು, ತಾಯಿ ಮನಸ್ಸು ಕರಗಿ ಹಿಂತಿರುಗಿದಳು ಎಂದು. ಜನ ಕೈ ತಟ್ಟಿದರು. ಆಮೇಲೆ ನನ್ನನ್ನು ಕರೆದು, ತಾಯಿಯನ್ನೂ ಮಗುವನ್ನೂ ಮುಂದಿನ ಪ್ರಾರ್ಥನಾ ಕೂಟಕ್ಕೆ ಕರೆತರಬೇಕು, ಮುಂದೆ ನಿಲ್ಲಿಸಿ ಎಲ್ಲರಿಗೂ ತೋರಿಸೋಣ ಎಂದರು.

ಅವಳಿಗೆ ಹೇಳಿದೆ. ಮುಖ ತಿರುಗಿಸದೆಯೇ ಕೇಳಿದಳು, "ಅಕಿ ಒಂದು ದಿನರ ನೀರು ಹಾಕ್ಯಾಳೇನು?"

ಆ ಮಾತನ್ನು ಇದ್ದದ್ದು ಇದ್ದ ಹಾಗೆ ಟೀಚರಿಗೆ ಒಪ್ಪಿಸಿದೆ. ಬೇರೆಯವರ ಮಾತು ಹೇಳುವಾಗ ನನಗೆ ಎಲ್ಲಿಲ್ಲದ ಧೈರ್ಯ. ಟೀಚರ ಮುಖ ಬಿಗಿಯಿತು. "ನೀನು ಅವಳ ಕಡೆ ಸೇರಿಬಿಟ್ಟೆ," ಎಂದರು. ಯಾವ ಕಡೆ ಎಂದು ಕೇಳಬೇಕಿತ್ತು. ಕೇಳಲಿಲ್ಲ.

ಬಾಣಂತನ ಮುಗಿದ ದಿನ ಅವಳು ಮೊಳೆಯಿಂದ ಸರ ತೆಗೆದು, ಎಲ್ಲಮ್ಮನಿಗೊಮ್ಮೆ ತೋರಿಸಿ, ನನ್ನ ಕೈಗಿಟ್ಟಳು. "ಮಾತು ಮುಗೀತ್ರಿ." ಧನ್ಯವಾದ ಗಿನ್ಯವಾದ ಏನಿಲ್ಲ. ಸರದ ಮೇಲೆ ಭಂಡಾರ ಹಾಗೇ ಇತ್ತು. ತೊಳೆಯಬೇಕೋ, ಹಾಗೆಯೇ ಜಪ ಮಾಡಬಹುದೋ ಎಂದು ಬಸ್ಸಿಡೀ ಚಿಂತಿಸಿದೆ. ಫಾದರನ್ನು ಕೇಳಿದರೆ ಏನನ್ನುತ್ತಾರೋ ಎಂದು ಕೇಳಲಿಲ್ಲ, ತೊಳೆಯಲೂ ಇಲ್ಲ.

ಶನಿವಾರಗಳಿಗೆ ಮತ್ತೆ ಹೋಗತೊಡಗಿದೆ. ಬಿಟ್ಟರೆ ಜನ ಏನೆಂದುಕೊಂಡಾರು ಎಂಬುದೊಂದು. ಇನ್ನೊಂದು, ನನ್ನ ನಂಬಿಕೆಯೇನೂ ಹೋಗಿರಲಿಲ್ಲ. ಆ ಬಾಗಿಲಿನೊಳಗೆ ಒಂದು ಜೀವ ಹೋಗುತ್ತದೆ ಎಂದು ಆಗಲೂ ಅನ್ನಿಸುತ್ತಿತ್ತು, ಇವತ್ತಿಗೂ ಅನ್ನಿಸುತ್ತದೆ. ಹಾಡುವಾಗ ಮಾತ್ರ ದನಿ ಏಳುತ್ತಿರಲಿಲ್ಲ. ಗಂಟಲು ಸರಿಯಿಲ್ಲ ಎಂದು ಹೇಳಿಕೊಂಡಿದ್ದೆ.

ಮುಂದಿನ ವರ್ಷದ ಒಂದು ಶನಿವಾರ ಬೆಳಿಗ್ಗೆ ಒಬ್ಬ ಹುಡುಗಿ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ನಮ್ಮ ಮುಂದೆ ಹಾದುಹೋದಳು. ಟೀಚರು ಅವಳ ಬೆನ್ನಿಗೆ ಕೇಳುವಂತೆ ಕೊಲೆ, ಪಾಪ ಎಂದೆಲ್ಲ ಹೇಳಿದರು. ನಾವು ಹಾಡಿದೆವು. ಅವಳು ಒಳಗೆ ಹೋದಳು. ಬಿಸಿಲೇರಿದ ಮೇಲೆ ನನ್ನ ಗುಲಬರ್ಗಾದವಳು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. ಟೀಚರ ಮುಖ ಅರಳಿತು. ಸಾಕ್ಷಿ ತಾನಾಗಿ ನಡೆದುಬಂದಿತ್ತು. ಮಗುವಿಗೆ ಕೈ ಚಾಚಿದರು. ಅವಳು ಅವರನ್ನು ದಾಟಿ ನನ್ನ ಮುಂದೆ ನಿಂತಳು.

"ಬಾಜೂ ಖೋಲಿಯಾಕಿ ಒಳಗ ಅದಾಳ್ರಿ ಅಕ್ಕೋರ. ಮುಂಜಾನಿ ಒಬ್ಬಾಕೇ ಬಂದಾಳ. ಗಂಡ ಬಿಟ್ಟು ಹೋಗಿ ತಿಂಗಳಾಯ್ತು. ಎಲ್ಲಾ ಮುಗದದಂತ. ಮನಿಗಿ ಒಯ್ಯಬೇಕು, ನಾಳಿಂದ ಅಕಿಗೂ ನೀರು ಹಾಕಬೇಕು. ನನಗ ಕೂಸು ಅದ, ಕುದಿಯೂ ಡಬ್ಬಿ ಎತ್ತಲಾಕ ಬರಂಗಿಲ್ಲ."

ಪಕ್ಕದ ಕೋಣೆಯ ಹುಡುಗಿ. ನನ್ನ ಪರದಾಟ ನೋಡಿ ನಕ್ಕಿದ್ದವಳು. ಬೆಳಿಗ್ಗೆ ಸೆರಗಿನೊಳಗಿದ್ದವಳು ಅವಳು. ನಾನು ಗುರುತಿಸಿರಲಿಲ್ಲ.

"ಒಳಗೆ ಹೋಗಿ ತೆಗೆಸಿಕೊಂಡು ಬಂದವಳಿಗಾ?" ಎಂದರು ಟೀಚರು. "ಅವಳಿಗೆ ನಾವು ಸೇವೆ ಮಾಡಬೇಕಾ? ಮಾಡಿದ್ದು ಸರಿ ಅಂತ ಹೇಳಿದ ಹಾಗಾಗಲ್ವಾ?"

ಅವಳು ಟೀಚರ ಕಡೆ ಮೊದಲ ಸಲ ತಿರುಗಿದಳು. "ಒಳಗ ಹೋಗಿ ಬಂದಾಕಿಗೆ ಬೆನ್ನು ಇರಂಗಿಲ್ಲೇನ್ರಿ?"

ಹಿಂದಿನವಳೊಬ್ಬಳು ಹಾಡು ಮುಂದುವರಿಸಿದಳು, ಉಳಿದವರು ಸೇರಿಕೊಂಡರು. ಟೀಚರು ಕೇಳಿದ್ದು ಸುಳ್ಳು ಪ್ರಶ್ನೆಯೇನಲ್ಲ, ನನ್ನೊಳಗೂ ಅದೇ ಇತ್ತು. ಆದರೆ ಉತ್ತರ ಬರುವ ತನಕ ಆ ಹುಡುಗಿ ಒಳಗೆ ಬೆಂಚಿನ ಮೇಲೆ ಕೂತಿರಬೇಕಲ್ಲ. ನಾನು ಫುಟ್‌ಪಾತಿನಿಂದ ಇಳಿದೆ. ರಸ್ತೆ ದಾಟುವಾಗ ಬಸ್ಸೊಂದು ಹಾರನ್ ಹೊಡೆಯಿತು, ಅದಕ್ಕೂ ಬೆದರಿದೆ.

ಗೇಟಿನಲ್ಲಿ ಆಯಾ ಪೊರಕೆ ಅಡ್ಡ ಹಿಡಿದಳು. "ಏನಮ್ಮ, ಪಾರ್ಟಿ ಚೇಂಜಾ?"

"ಒಬ್ಬಳನ್ನ ಮನೆಗೆ ಕರ್ಕೊಂಡು ಹೋಗ್ಬೇಕು."

"ಒಳಗೆ ಬಂದು ಹಾಡೋದಿಲ್ಲ ತಾನೆ?"

"ಗಂಟಲು ಸರಿಯಿಲ್ಲ," ಎಂದೆ. ಪೊರಕೆ ಸರಿಯಿತು.

ಹುಡುಗಿ ಬೆಂಚಿನ ತುದಿಯಲ್ಲಿ, ತುಟಿ ಬಿಳಿಚಿಕೊಂಡು ಕೂತಿದ್ದಳು. ನನ್ನನ್ನು ಕಂಡು ಗೋಡೆಗೆ ಒತ್ತಿಕೊಂಡಳು. "ಒಳಗೂ ಬೈಲಾಕ ಬಂದ್ರೇನು?" ಎಂದಳು. ಮೆಲ್ಲಗೇ ಕೇಳಿದಳು. ಮುಖಕ್ಕೆ ಉಗಿದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ಕೈಯಲ್ಲಿ ಸರವಿತ್ತು. ಅದನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದೆ. ಕೊಟ್ಟರೆ ಅವರ ಕಡೆ ಅದು ಏನಾಗುತ್ತದೆ ಎಂದು ಈ ಸಲ ನನಗೆ ಗೊತ್ತಿತ್ತು.

ಆಟೋ ಹತ್ತಿಸುವಾಗ ನಮ್ಮ ಗುಂಪು ಎದುರಿಗೇ ಇತ್ತು. ಟೀಚರು ಫಲಕವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಿದ್ದರು. ಬಿಸಿಲಿಗೆ ಇರಬಹುದು.

ಮರುದಿನ ಪೂಜೆಯಲ್ಲಿ ನಾನು ಕೂತ ಬೆಂಚಿನಿಂದ ಇಬ್ಬರು ಎದ್ದು ಹಿಂದೆ ಹೋದರು. ಅಕ್ಕಪಕ್ಕದವರಿಗೆ ಕೈ ಮುಗಿದು ಸಮಾಧಾನ ಹಾರೈಸುವ ಹೊತ್ತಿಗೆ ಟೀಚರು ನನಗೆ ಕೈ ಮುಗಿಯದೆ ಕಂಬದ ಕಡೆ ತಿರುಗಿ ಕೈ ಮುಗಿದರು. ನಾನು ಕೊಲೆಗೆ ಕೈ ಜೋಡಿಸಿದೆನೆಂಬ ಸುದ್ದಿ ಮರ್ಫಿ ಟೌನಿನ ನಮ್ಮ ಮನೆ ಓನರ್ ತನಕ ಹೋಯಿತು. ಗಂಡ ಮಾತ್ರ, "ಮೊದಲು ಶನಿವಾರ ಒಂದೇ ಹೋಗ್ತಿದ್ದೆ. ಈಗ ದಿನಾ ಹೋಗ್ತೀಯ. ಪ್ರಮೋಷನ್ನಾ?" ಎಂದರು. ಎಂದವರು ಬೆಳಿಗ್ಗೆ ಮಕ್ಕಳ ಡಬ್ಬಿ ತಾವೇ ಕಟ್ಟಿದರು, ಪಲ್ಯಕ್ಕೆ ಉಪ್ಪು ಮರೆತರು.

ಹುಡುಗಿ ಬೈಯುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ಬಚ್ಚಲಲ್ಲಿ ಮೊಣಕಾಲು ತಬ್ಬಿಕೊಂಡು ಕೂರುವಳು. ನಾನು ಚೆಂಬಿಗೊಂದು ನಮೋ ಮರಿಯಾ ಹೇಳುವೆ. ಹೋದ ಜೀವಕ್ಕೋ, ಇದ್ದ ಜೀವಕ್ಕೋ, ಎರಡನ್ನೂ ಬೇರೆ ಬೇರೆ ಮಾಡಿ ಹೇಳಲು ನನಗೆ ಬರಲಿಲ್ಲ. ಒಂದು ದಿನ ಅವಳು ಅಳತೊಡಗಿದಳು. ನೀರಿನ ಸದ್ದಿನಲ್ಲಿ ಅಳು ಕೇಳದಿರಲಿ ಎಂದು ನಾನು ಸ್ವಲ್ಪ ಎತ್ತರದಿಂದ ಸುರಿದೆ.

ಆ ವಾರದಲ್ಲೇ ಒಂದು ಬೆಳಿಗ್ಗೆ ವಠಾರದ ಮುಂದೆ ಆಟೋ ನಿಂತಿತು. ಮೊದಲು ದೊಡ್ಡದೊಂದು ತಾಮ್ರದ ಹಂಡೆ ಇಳಿಯಿತು, ಹಿಂದೆ ಟೀಚರು. ಹಂಡೆಯನ್ನು ನನ್ನ ಕಾಲ ಬಳಿ ಇಟ್ಟು ಸೆರಗಿನಿಂದ ಮುಖ ಒರೆಸಿಕೊಂಡರು.

"ಬೈಯೋಕೆ ಬಂದೆ," ಎಂದರು. "ನೀನು ಮಾಡಿದ್ದು ತಪ್ಪು. ಅವಳು ಮಾಡಿದ್ದು ದೊಡ್ಡ ತಪ್ಪು. ಅದನ್ನ ಹೇಳಿ ಹೋಗೋಣ ಅಂತ. ಬರೋವಾಗ ಕೈ ಬೀಸ್ಕೊಂಡು ಹೆಂಗೆ ಬರೋದು, ಅದಕ್ಕೆ ಇದನ್ನ ತಂದೆ. ನಮ್ಮಮ್ಮನದು. ಸೊಟ್ಟ ಮಾಡದೆ ವಾಪಸ್ ಕೊಡ್ಬೇಕು."

"ಕೂತ್ಕೊಳಿ ಟೀಚರ್."

"ಕೂರಲ್ಲ." ನಿಂತೇ ಇದ್ದರು. ಆಮೇಲೆ ದನಿ ತಗ್ಗಿಸಿ, ಯಾರ ಮೇಲೋ ದೂರು ಹೇಳುವ ಹಾಗೆ, "ದಿನಾ ನಿನಗೋಸ್ಕರ ಜಪಸರ ಮಾಡ್ತಿದ್ದೆ, ನಿನಗೆ ಬುದ್ಧಿ ಬರ್ಲಿ ಅಂತ. ಎರಡು ಮಣಿ ದಾಟೋಷ್ಟರಲ್ಲಿ ಆ ಹೆಂಗಸಿನ ಮಾತು ಬಂದ್ಬಿಡುತ್ತೆ. ಬೆನ್ನು ಇರಲ್ವಾ ಅಂತ. ಮುಂದಕ್ಕೇ ಹೋಗಲ್ಲ. ದೇವರ ಹತ್ರ ನಿನ್ನ ಮೇಲೆ ಕಂಪ್ಲೇಂಟ್ ಹೇಳೋಕೂ ಬಿಡಲಿಲ್ಲ ನೀವು."

ಗುಲಬರ್ಗಾದವಳು ಬಾಗಿಲಲ್ಲಿ ಮಗುವಿಗೆ ಗಂಜಿ ತಿನ್ನಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಒಳಗ ಬರ್ತೀರೋ, ಹೊರಗ ನಿಂತು ಹಾಡ್ತೀರೋ?" ಎಂದಳು.

ಟೀಚರು ಚಪ್ಪಲಿ ಬಿಟ್ಟು ಒಳಗೆ ಬಂದರು. ಅವಳ ಕಡೆ ನೋಡಲಿಲ್ಲ, ಅವಳೂ 'ಕೂಡ್ರಿ' ಎನ್ನಲಿಲ್ಲ. ಇಬ್ಬರ ನಡುವಿನ ದ್ವೇಷ ಒಂದು ಚೂರೂ ಕರಗಿದಂತೆ ಕಾಣಲಿಲ್ಲ. ಬಚ್ಚಲ ಬಾಗಿಲಲ್ಲಿ ಟೀಚರು ನಿಂತು, ಮೊಣಕಾಲು ತಬ್ಬಿ ಕೂತ ಹುಡುಗಿಯ ಬೆನ್ನನ್ನು ನೋಡಿದರು. ಸಣ್ಣ ಬೆನ್ನು. ತರಗತಿಯಲ್ಲಿ ಅಂಥ ನೂರಾರು ಬೆನ್ನು ನೋಡಿದ್ದಾರು. ಹೇಳಲು ಬಂದದ್ದನ್ನು ಅವರು ಹೇಳಲಿಲ್ಲ. ಬಗ್ಗಿ, ನಾನು ಬೆರೆಸಿಟ್ಟ ಬಕೆಟ್ಟಿಗೆ ಮೊಣಕೈ ಅದ್ದಿ ನೋಡಿದರು.

"ಏನಮ್ಮ ಇದು? ಇದರಲ್ಲಿ ಬೆಕ್ಕಿಗೂ ಸ್ನಾನ ಆಗಲ್ಲ."

ಹೊರಗಿನಿಂದ ದನಿ ಬಂತು. "ಹೋದ ವರ್ಷದಿಂದ ಅದೇ ಹೇಳ್ಲಕತ್ತೀನ್ರಿ ನಾ."

"ಸುಡುತ್ತೆ ಅಂತ..." ಎಂದೆ.

"ಸುಡಬೇಕು," ಎಂದರು ಟೀಚರು.

"ಸುಡಬೇಕ್ರಿ," ಎಂದಳು ಅವಳು.

ಇಬ್ಬರೂ ಒಪ್ಪಿದ ಮೊದಲ ವಿಷಯ ಅದು. ನನಗೆ ತಿಳಿದಂತೆ ಕೊನೆಯದೂ ಅದೇ. ಟೀಚರು ಸೀರೆ ಎತ್ತಿ ಸಿಕ್ಕಿಸಿಕೊಂಡು ಬಕೆಟ್ಟಿನ ನೀರನ್ನು ಹಂಡೆಗೆ ಸುರಿದರು. ನಾನು ಒಲೆಗೆ ಇನ್ನಷ್ಟು ಹೊಟ್ಟು ತುಂಬಿದೆ. ಹುಡುಗಿಗೆ ಚಳಿಯಾದೀತೆಂದು ನನ್ನ ಸೆರಗನ್ನೇ ಅವಳ ಬೆನ್ನಿಗೆ ಹೊದಿಸಿ, ನೀರು ಕುದಿಯಲೆಂದು ಬಚ್ಚಲಲ್ಲಿ ಮೂವರೂ ಕಾದೆವು.